ಮನಸ್ಸಿನಲ್ಲೇ ಗಾಲ್ಫ್ ಆಡಿ ಗೆದ್ದ ಕೈದಿ: ಈ ಫಾರ್ವರ್ಡ್ ಎಷ್ಟು ನಿಜ?

ವಾಟ್ಸ್‌ಆ್ಯಪ್‌ನಲ್ಲಿ ಈ ಕಥೆ ನಿಮಗೂ ಬಂದಿರಬಹುದು. ಮೇಜರ್ ಜೇಮ್ಸ್ ನೆಸ್ಮೆತ್ ಎಂಬ ಅಮೆರಿಕದ ಸೈನಿಕ ವಿಯೆಟ್ನಾಂ ಯುದ್ಧದಲ್ಲಿ ಸೆರೆ ಸಿಕ್ಕಿದ. ಏಳು ವರ್ಷ ಪಂಜರದಂಥ ಸಣ್ಣ ಜಾಗದಲ್ಲಿ ಒಬ್ಬನೇ ಕಳೆದ. ತಲೆ ಕೆಡದಿರಲೆಂದು ದಿನವೂ ಮನಸ್ಸಿನಲ್ಲೇ ಒಂದು ಪೂರ್ತಿ ಸುತ್ತು ಗಾಲ್ಫ್ ಆಡಿದ. ಹುಲ್ಲಿನ ವಾಸನೆ, ಗಾಳಿಯ ದಿಕ್ಕು, ಚೆಂಡು ಹಾರುವ ರೀತಿ, ಎಲ್ಲವನ್ನೂ ಕಲ್ಪಿಸಿಕೊಂಡ. ಬಿಡುಗಡೆಯಾಗಿ ಬಂದು ಮೊದಲ ಸಲ ಮೈದಾನಕ್ಕಿಳಿದಾಗ 74 ಹೊಡೆತಗಳಲ್ಲಿ ಆಟ ಮುಗಿಸಿದ. ಸೆರೆ ಸಿಕ್ಕುವ ಮೊದಲು ಅವನಿಗೆ 90ಕ್ಕಿಂತ ಹೆಚ್ಚು ಹೊಡೆತ ಬೇಕಾಗುತ್ತಿತ್ತಂತೆ. ಅಂದರೆ ಏಳು ವರ್ಷ ಕ್ಲಬ್ ಮುಟ್ಟದೆಯೇ 20 ಹೊಡೆತಗಳಷ್ಟು ಸುಧಾರಣೆ! ಕೊನೆಯಲ್ಲಿ ನೀತಿ: ಮನಸ್ಸಿನಲ್ಲಿ ಕಂಡದ್ದೆಲ್ಲ ನಿಜವಾಗುತ್ತದೆ, ಹತ್ತು ಜನರಿಗೆ ಕಳುಹಿಸಿ.

‘ಇದು ನಿಜವೇ?’ ಎಂದು ನಮ್ಮ ಓದುಗರು ಕೇಳಿದ್ದಾರೆ. ಗಾಲ್ಫ್ ನಮ್ಮ ಊರುಗಳಲ್ಲಿ ಹೆಚ್ಚು ಜನ ಆಡುವ ಆಟವಲ್ಲ, ಹಾಗಿದ್ದರೂ ಈ ಪ್ರಶ್ನೆಯನ್ನು ನಾವು ಗಂಭೀರವಾಗಿಯೇ ತೆಗೆದುಕೊಂಡಿದ್ದೇವೆ. ಏಕೆಂದರೆ ಈ ಕಥೆಯನ್ನು ಓದುವವರಲ್ಲಿ ಗಾಲ್ಫ್ ಆಡುವವರು ಕಡಿಮೆ. ಪರೀಕ್ಷೆಗೆ ಕೂರುವ ಮಕ್ಕಳು, ಲಕ್ವ ಹೊಡೆದು ಚೇತರಿಸಿಕೊಳ್ಳುತ್ತಿರುವವರು, ಸಂದರ್ಶನಕ್ಕೆ ಹೊರಟವರು ಇವರೇ ಹೆಚ್ಚು. ಅಭ್ಯಾಸ ಬಿಟ್ಟರೂ ಪರವಾಗಿಲ್ಲ, ಕಲ್ಪನೆ ಸಾಕು ಎಂದು ಇವರಲ್ಲಿ ಯಾರಾದರೂ ನಂಬಿಬಿಟ್ಟರೆ ನಷ್ಟ ದೊಡ್ಡದು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಕಲ್ಪನೆಯ ಅಭ್ಯಾಸಕ್ಕೆ ನಿಜವಾದ ಬಲವಿದೆ, ಅದಕ್ಕೆ ಪುರಾವೆಯೂ ಇದೆ. ಆದರೆ ಅದು ಮೈಗೆ ಈಗಾಗಲೇ ಗೊತ್ತಿರುವುದನ್ನು ಕಾಪಾಡುತ್ತದೆ, ಹರಿತ ಮಾಡುತ್ತದೆ. ಮೈಗೆ ಗೊತ್ತೇ ಇಲ್ಲದ್ದನ್ನು ಶೂನ್ಯದಿಂದ ಹುಟ್ಟಿಸುವುದಿಲ್ಲ.

ಕಥೆಯ ಹಿಂದಿನ ನಿಜವಾದ ಮನುಷ್ಯ

ಫಾರ್ವರ್ಡ್‌ನಲ್ಲಿ ಊರಿನ ಹೆಸರಿಲ್ಲ, ಮೈದಾನದ ಹೆಸರಿಲ್ಲ, ಇಸವಿಯಿಲ್ಲ. ಆದರೆ ಇದಕ್ಕೆ ತುಂಬ ಹತ್ತಿರವಾದ ಒಂದು ನಿಜ ಘಟನೆ ಇದೆ. ಅಮೆರಿಕದ ವಾಯುಪಡೆಯ ಪೈಲಟ್ ಜಾರ್ಜ್ ಹಾಲ್ ಅವರ ವಿಮಾನವನ್ನು 1965ರಲ್ಲಿ ಉತ್ತರ ವಿಯೆಟ್ನಾಂನಲ್ಲಿ ಹೊಡೆದುರುಳಿಸಲಾಯಿತು. ಏಳು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಅವರು 1973ರಲ್ಲಿ ಬಿಡುಗಡೆಯಾದರು. ಸೆರೆಯಲ್ಲಿದ್ದಾಗ ತಮಗೆ ಪರಿಚಯವಿದ್ದ ಮೈದಾನಗಳಲ್ಲಿ ಮನಸ್ಸಿನಲ್ಲೇ ಗಾಲ್ಫ್ ಆಡುತ್ತಿದ್ದರು. ಬಿಡುಗಡೆಯಾದ ಕೆಲವೇ ವಾರಗಳಲ್ಲಿ ನ್ಯೂ ಆರ್ಲಿಯನ್ಸ್‌ನ ಪಂದ್ಯಾವಳಿಯಲ್ಲಿ, ವೃತ್ತಿಪರರ ಜೊತೆ ಹವ್ಯಾಸಿಗಳೂ ಸೇರಿ ಆಡುವ ಸುತ್ತಿನಲ್ಲಿ, 76 ಹೊಡೆತಗಳಲ್ಲಿ ಆಟ ಮುಗಿಸಿದರು.

ಇದು ಮೆಚ್ಚಬೇಕಾದ ಸಾಧನೆಯೇ. ಆದರೆ ಫಾರ್ವರ್ಡ್ ನುಂಗಿಬಿಟ್ಟಿರುವ ಒಂದು ಸಂಗತಿ ಇಲ್ಲಿದೆ: ಸೆರೆ ಸಿಕ್ಕುವ ಮೊದಲೇ ಹಾಲ್ ಒಳ್ಳೆಯ ಆಟಗಾರ, ಅವರ ಹ್ಯಾಂಡಿಕ್ಯಾಪ್ 4.

ಹಾಗೆಂದರೇನು? ಗಾಲ್ಫ್‌ನಲ್ಲಿ 18 ಕುಳಿಗಳಿಗೆ ಒಂದೊಂದಾಗಿ ಚೆಂಡನ್ನು ಸೇರಿಸಬೇಕು. ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ನುರಿತವರಿಗೆ ಇಷ್ಟು ಹೊಡೆತ ಸಾಕು ಎಂಬ ಲೆಕ್ಕಕ್ಕೆ ‘ಪಾರ್’ ಎನ್ನುತ್ತಾರೆ. ಅದು ಬಹುಪಾಲು ಮೈದಾನಗಳಲ್ಲಿ 72ರ ಆಸುಪಾಸು. ಹ್ಯಾಂಡಿಕ್ಯಾಪ್ 4 ಎಂದರೆ, ಚೆನ್ನಾಗಿ ಆಡಿದ ದಿನ ಪಾರ್‌ಗಿಂತ ಸುಮಾರು ನಾಲ್ಕು ಹೊಡೆತ ಹೆಚ್ಚು ಬೇಕಾಗುವ ಆಟಗಾರ. 72ಕ್ಕೆ 4 ಕೂಡಿಸಿ ನೋಡಿ: 76.

ಅಂದರೆ ಹಾಲ್ ಹೋದಾಗ ಎಲ್ಲಿದ್ದರೋ ಬಂದಾಗಲೂ ಹೆಚ್ಚುಕಡಿಮೆ ಅಲ್ಲೇ ಇದ್ದರು. ಏಳು ವರ್ಷದ ಹಸಿವು, ಹಿಂಸೆಗಳ ನಡುವೆ ತಮ್ಮ ಆಟವನ್ನು ಕಳೆದುಕೊಳ್ಳದೆ ಉಳಿಸಿಕೊಂಡದ್ದೇ ಅವರ ದೊಡ್ಡತನ. ಆ ‘ಉಳಿಸಿಕೊಂಡ’ ಕಥೆಯನ್ನು ಯಾರೋ ‘ಗಳಿಸಿಕೊಂಡ’ ಕಥೆ ಮಾಡಿದರು. ಒಳ್ಳೆಯ ಆಟಗಾರ ಸಾಧಾರಣ ಆಟಗಾರನಾದ, 20 ಹೊಡೆತಗಳ ಪವಾಡ ಹುಟ್ಟಿತು.

ಸ್ವಿಂಗ್ ಎಂಬ ಕಣ್ಣು ಮಿಟುಕಿಸುವ ಕೆಲಸ

ಕ್ಲಬ್ಬನ್ನು ಹಿಂದಕ್ಕೆತ್ತಿ, ಕೆಳಕ್ಕೆ ಬೀಸಿ ಚೆಂಡನ್ನು ಹೊಡೆಯುವ ಪೂರ್ತಿ ಚಲನೆಗೆ ಸ್ವಿಂಗ್ ಎನ್ನುತ್ತಾರೆ. ನುರಿತ ಆಟಗಾರರಲ್ಲಿ ಮೇಲಿನಿಂದ ಚೆಂಡಿನವರೆಗೆ ಬರುವ ಬೀಸಿಗೆ ಸುಮಾರು ಕಾಲು ಸೆಕೆಂಡು ಸಾಕು. ಕ್ಲಬ್ ಮತ್ತು ಚೆಂಡು ಒಂದಕ್ಕೊಂದು ತಾಗಿರುವ ಸಮಯವಂತೂ ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು ಮಾತ್ರ.

ಕಣ್ಣಿಗೆ ಏನೋ ಕಂಡು, ಅದಕ್ಕೆ ಕೈ ಪ್ರತಿಕ್ರಿಯಿಸಲು ನಮಗೆ ಸುಮಾರು 0.2 ಸೆಕೆಂಡು ಬೇಕು. ಹಾಗಾಗಿ ಬೀಸು ಕೆಳಕ್ಕೆ ಹೊರಟ ಮೇಲೆ ‘ಅಯ್ಯೋ, ತಪ್ಪಾಯಿತು’ ಎಂದು ತಿದ್ದಿಕೊಳ್ಳಲು ಸಮಯವೇ ಇರುವುದಿಲ್ಲ. ಹೊಡೆತ ಬಹುಮಟ್ಟಿಗೆ ಮೊದಲೇ ತೀರ್ಮಾನವಾಗಿರುತ್ತದೆ. ಮಿದುಳು ಮುಂಚೆಯೇ ಕಟ್ಟಿಟ್ಟ ಆದೇಶದ ಸರಣಿಯನ್ನು ಮೈ ಸುಮ್ಮನೆ ನಡೆಸುತ್ತದೆ.

ಇಲ್ಲಿ ಸಣ್ಣ ತಪ್ಪಿಗೂ ಬೆಲೆ ದೊಡ್ಡದು. ಚೆಂಡು ಹೊರಡುವ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೂ 200 ಮೀಟರ್ ದೂರದಲ್ಲಿ ಅದು ಸುಮಾರು ಮೂರೂವರೆ ಮೀಟರ್ ಪಕ್ಕಕ್ಕೆ ಬೀಳುತ್ತದೆ. ಸ್ವಿಂಗ್ ತಿದ್ದಿಕೊಳ್ಳಲು ಜನ ಕಲ್ಪನೆಯ ಮೊರೆ ಹೋಗುವುದಕ್ಕೂ, ಬಗೆಬಗೆಯ ಸಾಧನಗಳಿಗೆ ದುಡ್ಡು ಸುರಿಯುವುದಕ್ಕೂ ಕಾರಣ ಇದೇ. ಹೊಡೆಯುವಾಗ ತಿದ್ದಲಾಗದು, ಆದ್ದರಿಂದ ಹೊಡೆಯುವ ಮೊದಲೇ ತಯಾರಾಗಬೇಕು.

ಕಲ್ಪನೆ ಮಿದುಳಿನಲ್ಲಿ ಏನು ಮಾಡುತ್ತದೆ?

1995ರಲ್ಲಿ ನರವಿಜ್ಞಾನಿ ಆಲ್ವಾರೊ ಪಾಸ್ಕುವಲ್-ಲಿಯೋನ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಪಿಯಾನೊ ಬಾರದವರಿಗೆ ಐದು ಬೆರಳುಗಳ ಒಂದು ಚಿಕ್ಕ ಪಾಠ ಕೊಟ್ಟರು. ಒಂದು ಗುಂಪು ದಿನಕ್ಕೆ ಎರಡು ಗಂಟೆಯಂತೆ ಐದು ದಿನ ನುಡಿಸಿತು. ಇನ್ನೊಂದು ಗುಂಪು ಅಷ್ಟೇ ಹೊತ್ತು ಪಿಯಾನೊ ಮುಂದೆ ಕೂತು, ಬೆರಳು ಅಲುಗಿಸದೆ ನುಡಿಸುವುದನ್ನು ಕಲ್ಪಿಸಿಕೊಂಡಿತು. ಬೆರಳುಗಳನ್ನು ಆಡಿಸುವ ಮಿದುಳಿನ ಭಾಗ ಎರಡೂ ಗುಂಪುಗಳಲ್ಲಿ ಹಿಗ್ಗಿತ್ತು!

ಫಾರ್ವರ್ಡ್‌ಗಳು ಇಲ್ಲಿಗೇ ನಿಲ್ಲುತ್ತವೆ. ಪ್ರಯೋಗ ಇಲ್ಲಿಗೆ ನಿಲ್ಲಲಿಲ್ಲ. ನುಡಿಸಿದ್ದರಲ್ಲಿ ಎಷ್ಟು ತಪ್ಪಿತ್ತು ಎಂದು ನೋಡಿದಾಗ, ಕಲ್ಪಿಸಿಕೊಂಡ ಗುಂಪು ಐದನೇ ದಿನ ಮುಟ್ಟಿದ ಮಟ್ಟವನ್ನು ನಿಜವಾಗಿ ನುಡಿಸಿದ ಗುಂಪು ಮೂರನೇ ದಿನವೇ ಮುಟ್ಟಿತ್ತು. ಆದರೆ ಕಲ್ಪಿಸಿಕೊಂಡವರಿಗೆ ಒಂದೇ ಒಂದು ಸಲ ಎರಡು ಗಂಟೆ ನಿಜವಾದ ಅಭ್ಯಾಸ ಕೊಟ್ಟಾಗ, ಅವರು ಐದು ದಿನ ನುಡಿಸಿದವರ ಸಮಕ್ಕೆ ಬಂದರು. ಕಲ್ಪನೆ ನೆಲವನ್ನು ಹದ ಮಾಡಿತ್ತು, ಬೀಜ ಬಿದ್ದದ್ದು ಕೈ ಆಡಿಸಿದಾಗ.

1994ರಲ್ಲಿ ಡ್ರಿಸ್ಕೆಲ್, ಕಾಪರ್ ಮತ್ತು ಮೋರನ್ ಎಂಬ ಸಂಶೋಧಕರು ಅದುವರೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಕಲ್ಪನೆಯ ಅಭ್ಯಾಸದಿಂದ ಲಾಭವಿದೆ, ಆದರೆ ನಿಜವಾದ ಅಭ್ಯಾಸದ ಲಾಭಕ್ಕಿಂತ ಅದು ಕಡಿಮೆ ಎಂದು ಕಂಡುಬಂತು. ಬಿಟ್ಟುಬಿಟ್ಟರೆ ಸುಮಾರು ಎರಡು ವಾರಗಳಲ್ಲಿ ಆ ಲಾಭ ಅರ್ಧಕ್ಕೆ ಇಳಿಯುತ್ತದೆ. ಒಂದು ಸಲಕ್ಕೆ ಸುಮಾರು 20 ನಿಮಿಷ ಸಾಕು, ಗಂಟೆಗಟ್ಟಲೆ ಕೂತರೆ ಫಲ ಹೆಚ್ಚುವುದಿಲ್ಲ.

ನಮ್ಮಲ್ಲಿ ಮೃದಂಗ ಕಲಿಯುವ ಹುಡುಗರು ಬಸ್ಸಿನಲ್ಲಿ ಕೂತು ತೊಡೆಯ ಮೇಲೆ ಬೆರಳಾಡಿಸುತ್ತ, ಬಾಯಲ್ಲೇ ಜತಿ ಹೇಳಿಕೊಳ್ಳುವುದನ್ನು ನೋಡಿದ್ದೀರಿ. ಮಾಡುತ್ತಿರುವುದು ಇದನ್ನೇ. ಮೃದಂಗ ಮುಟ್ಟಿದವನಿಗೆ ಅದು ಅಭ್ಯಾಸ. ಮುಟ್ಟದವನಿಗೆ ಅದು ಬರೀ ತೊಡೆ ತಟ್ಟುವುದು.

ಮರಳಿನ ಮೇಲೆ ನಿಂತು ಕಲ್ಪಿಸಿಕೊಂಡವರು

ಗಾಲ್ಫ್‌ನಲ್ಲೇ ನಡೆದ ಎರಡು ಅಧ್ಯಯನಗಳನ್ನು ಇಲ್ಲಿ ನೆನೆಯಬೇಕು.

ಮೊದಲನೆಯದು 1985ರದು. ವುಲ್‌ಫೋಕ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಿಗೆ ಚೆಂಡನ್ನು ಮೆಲ್ಲಗೆ ತಳ್ಳಿ ಕುಳಿಗೆ ಹಾಕುವ ಕೆಲಸ ಕೊಟ್ಟರು. ಇದಕ್ಕೆ ಪಟಿಂಗ್ ಎನ್ನುತ್ತಾರೆ. ಚೆಂಡು ಕುಳಿಗೆ ಬೀಳುವುದನ್ನು ಕಲ್ಪಿಸಿಕೊಂಡವರು ಸುಧಾರಿಸಿದರು. ಕುಳಿಯ ಅಂಚಿನವರೆಗೆ ಹೋಗಿ ತಪ್ಪುವುದನ್ನು ಕಲ್ಪಿಸಿಕೊಂಡವರ ಆಟ ಹದಗೆಟ್ಟಿತು. ಅಂದರೆ ಕಲ್ಪನೆ ಎರಡೂ ಕಡೆ ಹರಿತವಿರುವ ಕತ್ತಿ. ‘ನೀರಿಗೆ ಬೀಳಬಾರದು, ಬೀಳಬಾರದು’ ಎಂದುಕೊಳ್ಳುತ್ತ ಹೊಡೆಯುವವನ ತಲೆಯಲ್ಲಿ ಕುಣಿಯುತ್ತಿರುವುದು ನೀರಿನ ಚಿತ್ರವೇ.

ಎರಡನೆಯದು 2008ರದು. ಸ್ಮಿತ್, ರೈಟ್ ಮತ್ತು ಕ್ಯಾಂಟ್‌ವೆಲ್ ಎಂಬವರು ನುರಿತ ಆಟಗಾರರನ್ನು ಆರಿಸಿಕೊಂಡು, ಮರಳಿನ ಗುಂಡಿಯಿಂದ ಚೆಂಡನ್ನು ಹೊರಕ್ಕೆ ಹೊಡೆಯುವ ಕೆಲಸ ಕೊಟ್ಟರು. ಕೆಲವರು ಬರೀ ಹೊಡೆದರು, ಕೆಲವರು ಬರೀ ಕಲ್ಪಿಸಿಕೊಂಡರು, ಕೆಲವರು ಎರಡನ್ನೂ ಮಾಡಿದರು. ಕಲ್ಪಿಸಿಕೊಳ್ಳುವವರು ಕಣ್ಣು ಮುಚ್ಚಿ ಮಲಗಲಿಲ್ಲ. ಮರಳು ತುಂಬಿದ ತಟ್ಟೆಯ ಮೇಲೆ, ಆಟಕ್ಕೆ ನಿಲ್ಲುವ ಭಂಗಿಯಲ್ಲೇ ನಿಂತು ಕಲ್ಪಿಸಿಕೊಂಡರು. ಎರಡನ್ನೂ ಮಾಡಿದ ಗುಂಪೇ ಎಲ್ಲರಿಗಿಂತ ಮುಂದೆ ಬಂತು.

ಇದರಿಂದ ನಾವು ತೆಗೆದುಕೊಳ್ಳಬಹುದಾದ ಪಾಠ ಸರಳ. ಕಲ್ಪನೆ ನಿಜಕ್ಕೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು: ಅದೇ ಬಟ್ಟೆ, ಅದೇ ನಿಲುವು, ಕೈಯಲ್ಲಿ ಅದೇ ಕ್ಲಬ್, ಅದೇ ವೇಗ. ನಿಧಾನಗತಿಯ ಸಿನಿಮಾದಂತೆ ಅಲ್ಲ, ಕಾಲು ಸೆಕೆಂಡಿನ ಬೀಸನ್ನು ಕಾಲು ಸೆಕೆಂಡಿನಲ್ಲೇ ಕಾಣಬೇಕು. ಹೆಸರಾಂತ ಆಟಗಾರ ಜ್ಯಾಕ್ ನಿಕ್ಲಾಸ್, ಮನಸ್ಸಿನಲ್ಲಿ ಸ್ಪಷ್ಟ ಚಿತ್ರ ಮೂಡದೆ ಅಭ್ಯಾಸದಲ್ಲೂ ಒಂದು ಹೊಡೆತ ಹೊಡೆದವನಲ್ಲ ಎಂದು ತಮ್ಮ ಬಗ್ಗೆ ಹೇಳಿಕೊಂಡಿದ್ದಾರೆ. ಅವರ ಮಾತನ್ನು ಫಾರ್ವರ್ಡ್ ಮಾಡುವವರು ಒಂದನ್ನು ಮರೆಯುತ್ತಾರೆ: ಅವರು ಚಿತ್ರ ಕಂಡ ಮೇಲೆ ಚೆಂಡನ್ನು ಹೊಡೆಯುತ್ತಲೂ ಇದ್ದರು, ಹತ್ತನೇ ವಯಸ್ಸಿನಿಂದ.

ಇನ್ನೊಂದು ಮಾತು. ಕಣ್ಣು ಮುಚ್ಚಿದರೆ ಕೆಲವರಿಗೆ ಯಾವ ಚಿತ್ರವೂ ಕಾಣುವುದಿಲ್ಲ. ಇದು ಕಾಯಿಲೆಯಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ಇದಕ್ಕೆ 2015ರಲ್ಲಿ ‘ಅಫ್ಯಾಂಟೇಸಿಯಾ’ ಎಂಬ ಹೆಸರು ಬಂತು. ಅಂಥವರು ಚಿತ್ರದ ಬದಲು ಮೈಯ ಅನುಭವವನ್ನು ನೆನಪಿಸಿಕೊಂಡು ನೋಡಬಹುದು: ಹಿಡಿತ ಎಷ್ಟು ಬಿಗಿ, ಭಾರ ಯಾವ ಕಾಲಿನ ಮೇಲೆ, ಹೊಡೆತದ ಸದ್ದು ಹೇಗೆ.

ಸಾಧನಗಳು: ತಿದ್ದುವ ಸ್ಲೇಟು ಮತ್ತು ಬರೆಯುವ ಕೈ

ಈಗ ಸ್ವಿಂಗ್ ತಿದ್ದುವ ಸಾಧನಗಳ ಮಾತು. ನೆಲದ ಮೇಲಿಡುವ ಕಡ್ಡಿ, ಕನ್ನಡಿ, ಮಧ್ಯದಲ್ಲಿ ಮಡಚುವ ಕ್ಲಬ್, ಭಾರದ ಕ್ಲಬ್, ತೋಳುಗಳನ್ನು ಕಟ್ಟುವ ಪಟ್ಟಿ, ಹೀಗೆ ನೂರೆಂಟು ಇವೆ. ಅಗ್ಗದ್ದೂ ಇವೆ, ಕಣ್ಣು ಕುಕ್ಕುವ ಬೆಲೆಯವೂ ಇವೆ.

ಇವುಗಳನ್ನು ಅಳೆಯಲು ನಾವು ಒಂದೇ ಪ್ರಶ್ನೆ ಕೇಳುತ್ತೇವೆ: ಇದು ನನ್ನ ತಪ್ಪನ್ನು ನನಗೆ ತೋರಿಸುತ್ತದೆಯೋ, ಅಥವಾ ನನ್ನ ಬದಲು ತಾನೇ ಕೆಲಸ ಮಾಡಿಬಿಡುತ್ತದೆಯೋ?

ಮಗುವಿಗೆ ಸ್ಲೇಟಿನ ಮೇಲೆ ‘ಅ’ ಬರೆದುಕೊಟ್ಟು ತಿದ್ದಿಸುತ್ತೇವೆ. ತಿದ್ದುವಾಗ ಅಕ್ಷರ ದುಂಡಗೇ ಬರುತ್ತದೆ. ಆದರೆ ಕೆಳಗಿನ ಗೆರೆ ಅಳಿಸಿ ‘ಈಗ ನೀನೇ ಬರಿ’ ಎಂದಾಗ ತಾನೇ ಗೊತ್ತಾಗುವುದು, ಕೈ ಕಲಿತಿದೆಯೋ ಇಲ್ಲವೋ. ಚಲನೆಯ ಕಲಿಕೆಯನ್ನು ಅಧ್ಯಯನ ಮಾಡಿದವರೂ ಇದನ್ನೇ ಕಂಡಿದ್ದಾರೆ. 1990ರಲ್ಲಿ ವಿನ್‌ಸ್ಟೀನ್ ಮತ್ತು ಶ್ಮಿಟ್ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪಿಗೆ ತೋಳಿನ ಚಲನೆ ಎಷ್ಟು ಸರಿಯಾಯಿತೆಂದು ಪ್ರತಿ ಸಲವೂ ತಿಳಿಸಿದರು, ಇನ್ನೊಂದಕ್ಕೆ ಅರ್ಧದಷ್ಟು ಸಲ ಮಾತ್ರ. ನಂತರ ಯಾವ ನೆರವೂ ಇಲ್ಲದೆ ಪರೀಕ್ಷಿಸಿದಾಗ ಕಡಿಮೆ ಮಾಹಿತಿ ಸಿಕ್ಕವರೇ ಚೆನ್ನಾಗಿ ಮಾಡಿದರು. ಸದಾ ಕೈ ಹಿಡಿದು ನಡೆಸಿದರೆ ಮೈ ಆ ಕೈಯನ್ನೇ ನಂಬಿಕೊಳ್ಳುತ್ತದೆ.

ಹಾಗಾಗಿ ಸಾಧನ ಕಟ್ಟಿಕೊಂಡು ಚೆನ್ನಾಗಿ ಹೊಡೆದೆ ಎಂಬುದು ಸಾಕ್ಷಿಯಲ್ಲ. ಸಾಧನ ಕಳಚಿ, ಮರುದಿನ ಹೊಡೆದಾಗ ಏನಾಯಿತು ಎಂಬುದೇ ಸಾಕ್ಷಿ. ಐದು ಹೊಡೆತ ಸಾಧನದ ಜೊತೆ, ಐದು ಹೊಡೆತ ಸಾಧನವಿಲ್ಲದೆ ಎಂದು ಹಂಚಿಕೊಳ್ಳುವುದು ಜಾಣತನ.

ಭಾರದ ಕ್ಲಬ್ಬಿನ ವಿಷಯದಲ್ಲಿ ಇನ್ನೊಂದು ಭ್ರಮೆ ಇದೆ. ಭಾರವಾದದ್ದನ್ನು ಬೀಸಿ, ತಕ್ಷಣ ಹಗುರವಾದದ್ದನ್ನು ಬೀಸಿದರೆ ಕೈ ಗಾಳಿಯಲ್ಲಿ ಹಾರಿದಂತೆ ಅನ್ನಿಸುತ್ತದೆ. ಹೊರೆ ಇಳಿಸಿದ ಮೇಲೆ ಮೈ ತೇಲಿದಂತಾಗುವುದಿಲ್ಲವೇ, ಹಾಗೆ. ಬೇಸ್‌ಬಾಲ್ ಆಟಗಾರರು ಬ್ಯಾಟಿಗೆ ಭಾರದ ಉಂಗುರ ಹಾಕಿ ಬೀಸುವುದನ್ನು ಅಳೆದು ನೋಡಿದಾಗ, ಉಂಗುರ ತೆಗೆದ ಮೇಲೆ ವೇಗ ಹೆಚ್ಚಿದಂತೆ ಅವರಿಗೆ ಅನ್ನಿಸಿತ್ತು ಅಷ್ಟೇ. ಯಂತ್ರದ ಅಳತೆಯಲ್ಲಿ ವೇಗ ಹೆಚ್ಚಿರಲಿಲ್ಲ, ಕೆಲವು ಪರೀಕ್ಷೆಗಳಲ್ಲಿ ಕಡಿಮೆಯೇ ಆಗಿತ್ತು. ‘ನನಗೆ ಹಾಗನ್ನಿಸಿತು’ ಎಂಬುದು ಅಳತೆಯಲ್ಲ.

ದುಡ್ಡಿಲ್ಲದ ಒಂದು ಸಹಾಯವೂ ಇದೆ: ಗಮನ ಎಲ್ಲಿಡಬೇಕು ಎಂಬುದು. 1999ರಲ್ಲಿ ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು ಗಾಲ್ಫ್ ಬಾರದವರಲ್ಲಿ ಒಂದು ಗುಂಪಿಗೆ ‘ತೋಳಿನ ಬೀಸಿನ ಮೇಲೆ ಗಮನವಿಡಿ’ ಎಂದೂ ಇನ್ನೊಂದಕ್ಕೆ ‘ಕ್ಲಬ್ಬಿನ ಬೀಸಿನ ಮೇಲೆ ಗಮನವಿಡಿ’ ಎಂದೂ ಹೇಳಿದರು. ಕ್ಲಬ್ಬಿನ ಮೇಲೆ ಗಮನವಿಟ್ಟವರ ಹೊಡೆತವೇ ಹೆಚ್ಚು ಗುರಿ ಮುಟ್ಟಿತು, ಮರುದಿನದ ಪರೀಕ್ಷೆಯಲ್ಲೂ. ಮೊಣಕೈ, ಮಣಿಕಟ್ಟು ಎಂದು ಮೈಯ ಒಂದೊಂದು ಭಾಗವನ್ನೂ ಕಾಯುತ್ತ ಕೂತರೆ ಮೈ ಬಿಗಿಯುತ್ತದೆ.

ನಿಮ್ಮ ಕೈಯಲ್ಲಿರುವ ಫೋನ್ ಕೂಡ ಒಳ್ಳೆಯ ಸಾಧನವೇ. ಸೊಂಟದ ಎತ್ತರದಲ್ಲಿ ಇಟ್ಟು ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿದರೆ ಕಣ್ಣಿಗೆ ಕಾಣದ ಕಾಲು ಸೆಕೆಂಡು ಕಾಣುತ್ತದೆ. ಆದರೆ ಪ್ರತಿ ಹೊಡೆತವನ್ನೂ ನೋಡಬೇಡಿ. ಕೆಲವನ್ನು ಹೊಡೆದು, ಏನಾಗಿರಬಹುದೆಂದು ನೀವೇ ಊಹಿಸಿ, ಆಮೇಲೆ ನೋಡಿ.

ಕೈಗೆ ಕಟ್ಟುವ ಪಟ್ಟಿಯ ಮಾಯೆ

ತೋರಿಸುವುದೂ ಇಲ್ಲ, ಕಲಿಸುವುದೂ ಇಲ್ಲ ಎಂಬ ಮೂರನೇ ಬಗೆಯೂ ಇದೆ. ಪವರ್ ಬ್ಯಾಲೆನ್ಸ್ ಎಂಬ ಕಂಪನಿ ಹೊಲೊಗ್ರಾಂ ಅಂಟಿಸಿದ ರಬ್ಬರ್ ಪಟ್ಟಿಯನ್ನು, ಸಮತೋಲನ ಮತ್ತು ಬಲ ಹೆಚ್ಚಿಸುತ್ತದೆಂದು ಹೇಳಿ ಕ್ರೀಡಾಪಟುಗಳಿಗೆ ಮಾರಿತು. ಗಾಲ್ಫ್ ಆಡುವವರೂ ಕೊಂಡರು. 2010ರಲ್ಲಿ ಆಸ್ಟ್ರೇಲಿಯಾದ ಗ್ರಾಹಕ ಆಯೋಗ ಕ್ರಮ ಕೈಗೊಂಡಾಗ, ತನ್ನ ಮಾತಿಗೆ ನಂಬಲರ್ಹ ವೈಜ್ಞಾನಿಕ ಆಧಾರವಿಲ್ಲವೆಂದು ಕಂಪನಿ ಒಪ್ಪಿಕೊಂಡು, ಕೊಂಡವರಿಗೆ ದುಡ್ಡು ಮರಳಿಸಬೇಕಾಯಿತು.

ಹಾಗಾದರೆ ಅಂಗಡಿಯಲ್ಲಿ ಮಾಡಿ ತೋರಿಸಿದ ಪರೀಕ್ಷೆ? ಒಂಟಿ ಕಾಲಲ್ಲಿ ನಿಲ್ಲಿಸಿ, ಚಾಚಿದ ತೋಳನ್ನು ಒತ್ತುತ್ತಾರೆ, ನೀವು ವಾಲುತ್ತೀರಿ. ಪಟ್ಟಿ ಹಾಕಿ ಮತ್ತೆ ಒತ್ತುತ್ತಾರೆ, ಗಟ್ಟಿಯಾಗಿ ನಿಲ್ಲುತ್ತೀರಿ. ಗುಟ್ಟು ಪಟ್ಟಿಯಲ್ಲಿಲ್ಲ. ಎರಡನೇ ಸಲ ಏನು ಬರುತ್ತದೆಂದು ನಿಮ್ಮ ಮೈಗೆ ಗೊತ್ತಿರುತ್ತದೆ. ಒತ್ತುವ ದಿಕ್ಕನ್ನು ದೇಹದ ಕಡೆಗೆ ಚೂರೇ ಬದಲಿಸಿದರೂ ನಿಲ್ಲುವುದು ಸುಲಭವಾಗುತ್ತದೆ. ಪಟ್ಟಿಯನ್ನು ಮೊದಲು ಹಾಕಿ, ಆಮೇಲೆ ತೆಗೆದು ಪರೀಕ್ಷಿಸಿ ಎಂದು ಕೇಳಿ ನೋಡಿ. ನಮ್ಮಲ್ಲಿ ಮಾರುವ ‘ಎನರ್ಜಿ’ ಬಳೆಗಳಿಗೂ ಇದೇ ಪರೀಕ್ಷೆ ಸಾಕು.

ದೂರ ಹೊಡೆಸುತ್ತೇವೆಂಬ ಸಾಧನಗಳ ಜಾಹೀರಾತು ನೋಡಿದಾಗ ನಮಗೆ ನೆನಪಾಗುವುದು ನಮ್ಮ ಬೆಂಗಳೂರಿನ ಅದಿತಿ ಅಶೋಕ್. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ವಿಶ್ವ ಶ್ರೇಯಾಂಕದ 200ನೇ ಸ್ಥಾನದಿಂದ ಬಂದು ನಾಲ್ಕನೆಯವರಾದರು. ಕಂಚು ತಪ್ಪಿದ್ದು ಒಂದೇ ಹೊಡೆತದಿಂದ. ಅಲ್ಲಿ ಆಡಿದ 60 ಮಂದಿಯಲ್ಲಿ ದೂರ ಹೊಡೆಯುವುದರಲ್ಲಿ ಅವರು ಕೊನೆಯ ಸಾಲಿನವರು. ಅವರನ್ನು ಅಲ್ಲಿಯವರೆಗೆ ತಂದದ್ದು ಕುಳಿಯ ಹತ್ತಿರದ ನಿಖರ ಆಟ, ಅಂದರೆ ಸಾವಿರಾರು ಗಂಟೆಗಳ ಅಭ್ಯಾಸ.

ಪರೀಕ್ಷೆ, ಆಸ್ಪತ್ರೆ ಮತ್ತು ಈ ಫಾರ್ವರ್ಡ್

ಈಗ ಗಾಲ್ಫ್ ಆಡದ ನಮ್ಮೆಲ್ಲರ ವಿಷಯ. ‘95 ಪರ್ಸೆಂಟ್ ಬಂದಿದೆ ಎಂದು ದಿನವೂ ಕಲ್ಪಿಸಿಕೋ’ ಎಂದು ಮಕ್ಕಳಿಗೆ ಹೇಳುವವರಿದ್ದಾರೆ. ಫಾಮ್ ಮತ್ತು ಟೇಲರ್ ಎಂಬ ಮನೋವಿಜ್ಞಾನಿಗಳು ಇದನ್ನು ಕಾಲೇಜು ವಿದ್ಯಾರ್ಥಿಗಳಲ್ಲಿ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು. ಒಳ್ಳೆಯ ಅಂಕ ಬಂದ ಸಂತೋಷವನ್ನು ಕಲ್ಪಿಸಿಕೊಂಡವರು ಓದಿದ್ದೂ ಕಡಿಮೆ, ಗಳಿಸಿದ ಅಂಕವೂ ಕಡಿಮೆ. ಎಲ್ಲಿ ಕೂತು, ಯಾವಾಗ, ಹೇಗೆ ಓದುತ್ತೇನೆ ಎಂಬುದನ್ನು ಕಲ್ಪಿಸಿಕೊಂಡವರು ಮುಂದೆ ಬಂದರು. ಫಲವನ್ನು ಕಂಡು ಮೈಮರೆತರೆ ಮನಸ್ಸು ಕೆಲಸ ಮುಗಿಯಿತೆಂದು ಆರಾಮವಾಗುತ್ತದೆ, ದಾರಿಯನ್ನು ಕಂಡರೆ ಕಾಲು ಎತ್ತಿಡುತ್ತದೆ.

ಲಕ್ವ ಹೊಡೆದವರ ಚಿಕಿತ್ಸೆಯಲ್ಲೂ ಕಲ್ಪನೆಯ ಅಭ್ಯಾಸವನ್ನು ಬಳಸುತ್ತಾರೆ. ಕೈಯ ಚಲನೆ ಮರಳಲು ಅದು ನೆರವಾಗುತ್ತದೆಂಬುದಕ್ಕೆ ಪುರಾವೆಯೂ ಇದೆ. ಆದರೆ ಅದು ಫಿಸಿಯೋಥೆರಪಿಯ ಜೊತೆಗೆ ಮಾಡುವುದು, ಅದರ ಬದಲಿಗೆ ಅಲ್ಲ. ‘ಮನಸ್ಸಿದ್ದರೆ ಸಾಕು’ ಎಂಬ ಫಾರ್ವರ್ಡ್ ಓದಿ ಯಾರಾದರೂ ವ್ಯಾಯಾಮ ನಿಲ್ಲಿಸಿದರೆ, ಚೇತರಿಕೆಗೆ ಬಹಳ ಮುಖ್ಯವಾದ ಮೊದಲ ತಿಂಗಳುಗಳು ಕೈಜಾರಿ ಹೋಗುತ್ತವೆ. ಚೇತರಿಸಿಕೊಳ್ಳದವರಿಗೆ ‘ನೀನು ಸರಿಯಾಗಿ ಕಲ್ಪಿಸಿಕೊಳ್ಳಲಿಲ್ಲ’ ಎಂಬ ಅಪರಾಧಿ ಭಾವವೂ ಅಂಟಿಕೊಳ್ಳುತ್ತದೆ. ಅದು ಇನ್ನೂ ಕ್ರೂರ.

ಕಳುಹಿಸುವ ಮೊದಲು

ಹಾಡ್ತಾ ಹಾಡ್ತಾ ರಾಗ ಎಂದರು ಹಿರಿಯರು. ಹಾಡುವುದನ್ನು ನೆನೆದು ನೆನೆದು ರಾಗ ಎನ್ನಲಿಲ್ಲ. ಹಾಡುವವನು ನಡುನಡುವೆ ಮನಸ್ಸಿನಲ್ಲೂ ಹಾಡಿಕೊಂಡರೆ ರಾಗ ಇನ್ನೂ ಬೇಗ ಒಲಿಯುತ್ತದೆ ಎಂಬುದು ವಿಜ್ಞಾನ ಸೇರಿಸುವ ಮಾತು.

ಈ ಕೈದಿಯ ಕಥೆ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಅಳಿಸುವ ಬದಲು ಕೆಳಗೆ ನಾಲ್ಕು ಸಾಲು ಸೇರಿಸಿ: ‘ನಿಜವಾದ ಕೈದಿಯ ಹೆಸರು ಜಾರ್ಜ್ ಹಾಲ್. ಅವರು ಮೊದಲೇ ಒಳ್ಳೆಯ ಆಟಗಾರರು. ಏಳು ವರ್ಷ ಮನಸ್ಸಿನಲ್ಲಿ ಆಡಿ ತಮ್ಮ ಆಟವನ್ನು ಉಳಿಸಿಕೊಂಡರು. ಕಲ್ಪಿಸಿಕೊಳ್ಳಿ, ಆಮೇಲೆ ಎದ್ದು ಅಭ್ಯಾಸ ಮಾಡಿ.’